ಶಾವಿಗೆಗೆಂದು ಕಳಿಸಿದ ಸಕ್ಕರೆ

ಮೊಮ್ಮಗನ ಹೆಂಡತಿ ಸುಮಾ ಹೋದ ವಾರ ನೋಟ್‌ಬುಕ್ಕು ಹಿಡಿದುಕೊಂಡು ನನ್ನ ಮುಂದೆ ಬಂದು ಕುಳಿತಳು. ಅವಳ ಗಂಡನ ಆಫೀಸಿನ ಹಿರಿಯರು ಹನ್ನೆರಡು ಮಂದಿ ವಿದ್ಯಾನಗರದ ಮನೆಗೆ ಊಟಕ್ಕೆ ಬರುವವರಿದ್ದಾರಂತೆ. “ಅಜ್ಜಿ, ನೀವು ನಲವತ್ತು ಮಂದಿಗೆ ಹೋಳಿಗಿ ಮಾಡ್ತಿದ್ರಂತಲ್ಲ! ಎಷ್ಟು ಬ್ಯಾಳಿಗೆ ಎಷ್ಟು ಬೆಲ್ಲ, ಬರದುಕೊಡ್ರಿ” ಎಂದಳು. ಮುಖದ ತುಂಬ ಮೆಚ್ಚುಗೆ. ನನಗೆ ಮೈಯೆಲ್ಲ ಸಿಟ್ಟು ಬಂತು. ಅಳತೆ ಬರೆದುಕೊಟ್ಟೆ, ಅದೇನು ದೊಡ್ಡ ವಿದ್ಯೆಯಲ್ಲ. ಆದರೆ ಈ ಕೆಲಸಕ್ಕೆ ಹೊಸದಾಗಿ ಕೈ ಹಾಕುವವರಿಗೆ ಅಳತೆ ಮಾತ್ರ ಹೇಳಿ ಬಿಟ್ಟರೆ ಮೋಸ ಮಾಡಿದಂತೆ. ಅದಕ್ಕೇ ಉಳಿದದ್ದನ್ನೂ ಬರೆಯುತ್ತಿದ್ದೇನೆ.

ನಾನು ಮದುವೆಯಾಗಿ ಈ ಮನೆಗೆ ಬಂದಾಗ ನನಗೆ ಹದಿನಾಲ್ಕು ವರ್ಷ. ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಮನೆ, ಬೈಲಿನಲ್ಲಿ ನಮ್ಮವರ ಅರಿವೆ, ಅಂದರೆ ಬಟ್ಟೆಯ ಅಂಗಡಿ. ಅಂದಿನಿಂದ ಹಿಡಿದು ಒಲೆಯನ್ನು ಸೊಸೆಗೆ ಒಪ್ಪಿಸಿ ಎದ್ದ ದಿನದ ತನಕ ನಾನು ಮಾಡಿದ್ದು ಒಂದೇ ಕೆಲಸ, ಮಂದಿಗೆ ಉಣ್ಣಿಸುವುದು. ಕೀಲಿಕೈ ಗೊಂಚಲು ಯಾವಾಗ ನನ್ನ ಸೊಂಟಕ್ಕೆ ಬಂತು, ಯಾವಾಗ ನಾನು ಮನೆಗೆ ಹಿರಿಯಳಾದೆ ಎಂಬುದನ್ನೆಲ್ಲ ಬರೆಯುವುದಿಲ್ಲ. ಅದರಿಂದ ಒಲೆಯ ಹೊಗೆಯೇನೂ ಕಡಿಮೆಯಾಗಲಿಲ್ಲ.

ಆ ಕಾಲದಲ್ಲಿ ನಮ್ಮ ಊರಿನ ಗಂಡಸರ ಯಾವ ಕೆಲಸವೂ ಉಣ್ಣದೆ ಆಗುತ್ತಿರಲಿಲ್ಲ. ಧಾರವಾಡದ ಕೋರ್ಟಿನಲ್ಲಿ ತಕರಾರು ಇದ್ದರೆ ವಕೀಲರಿಗೆ ಊಟ. ಮಾಮಲೇದಾರರು ವರ್ಗವಾಗಿ ಬಂದರೆ ಊಟ, ವರ್ಗವಾಗಿ ಹೋದರೆ ಊಟ. ಇಬ್ಬರು ವ್ಯಾಪಾರಸ್ಥರು ಮಾತು ಬಿಟ್ಟರೆ ಅವರನ್ನು ಕೂಡಿಸಲಿಕ್ಕೆ ಊಟ, ಕೂಡಿದ ಮೇಲೆ ಸಂತೋಷಕ್ಕೆ ಮತ್ತೊಂದು. ಯಾರನ್ನು ಯಾರ ಬಲಕ್ಕೆ ಕೂಡಿಸಿದರು, ಯಾರ ಊಟದ ಗಂಗಾಳದ ಕೆಳಗೆ ಬೆಳ್ಳಿ ಕಟ್ಟಿದ ಅಡ್ಡಣಿಗೆಯ ಪೀಠ ಇಟ್ಟರು, ಯಾರಿಗೆ ಬರಿಯ ಮಣೆ ಹಾಕಿದರು, ಇದರ ಮೇಲೆ ಊರಿನ ಆರು ತಿಂಗಳ ಮಾತು ನಡೆಯುತ್ತಿತ್ತು. ದೊಡ್ಡ ದೊಡ್ಡ ಮಾತು ಪಡಸಾಲೆಯಲ್ಲಿ. ನಮಗೆ ಅಡುಗೆಮನೆಯ ಕದದ ಸಂದಿಯಿಂದ ಕಾಣುತ್ತಿದ್ದದ್ದು ಬೆನ್ನು, ರುಮಾಲು, ಮತ್ತು ಖಾಲಿಯಾಗುತ್ತಿದ್ದ ಗಂಗಾಳ.

ನನ್ನ ಮೇಲಧಿಕಾರಿ ನಮ್ಮ ಅತ್ತೆಯವರು. ಬಂದ ಮೊದಲ ವಾರದಲ್ಲೇ ಪಾಠ ಸುರುವಾಯಿತು. “ಬೇಕೇನ್ರಿ ಅಂತ ಯಾರನ್ನೂ ಕೇಳಬ್ಯಾಡ. ಕೇಳಿದ್ರ ಮಾನವಂತರು ಬ್ಯಾಡ ಅಂತಾರ. ಹಾಕಿಬಿಡೂದು, ಅಷ್ಟ.” ಅಂದರೆ ಉಣ್ಣುವವರ ಹೊಟ್ಟೆ ಒಡೆದರೂ ಸರಿ, ಮನೆಯ ಹೆಸರು ಒಡೆಯಬಾರದು. ಒಬ್ಬ ದಪ್ಪನೆಯ ವಕೀಲರು ಎರಡೂ ಕೈಯಿಂದ ಗಂಗಾಳ ಮುಚ್ಚಿಕೊಂಡು, “ಸಾಕ್ರೀ ತಂಗಿ, ನಾಳೆ ಕೋರ್ಟಿಗೆ ನಿಂತು ಮಾತಾಡೂದೈತಿ” ಎಂದು ಕೈ ಮುಗಿಯದೆ ಮುಗಿದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅತ್ತೆಯವರು ಒಳಗಿಂದ ಕೆಮ್ಮಿದರು. ನಾನು ವಕೀಲರ ಬೆರಳಿನ ಮೇಲೆಯೇ ಹೋಳಿಗೆ ಇಟ್ಟು ಬಂದೆ. ಅದು ಬಿಸಿಯಿತ್ತು.

ಮೊದಲ ದೊಡ್ಡ ತಪ್ಪು ಅದೇ ವರ್ಷ. ಕಟ್ಟಿನ ಸಾರಿಗೆ ನಾನೂ ಉಪ್ಪು ಹಾಕಿದೆ, ಅತ್ತೆಯವರೂ ಹಾಕಿದರು. ಹೊರಗೆ ಇಪ್ಪತ್ತು ಮಂದಿ ಉಣ್ಣುತ್ತಿದ್ದಾರೆ, ಒಬ್ಬರೂ ಬಾಯಿ ಬಿಡಲಿಲ್ಲ, ನೀರು ಮಾತ್ರ ತಂಬಿಗೆಗಟ್ಟಲೆ ಹೋಗುತ್ತಿದೆ. ಎಲ್ಲರೂ ಎದ್ದ ಮೇಲೆ ನಾವು ಉಣ್ಣಲು ಕುಳಿತಾಗ ಗೊತ್ತಾಯಿತು. ಬೈಗುಳ ನನ್ನ ಪಾಲಿಗೆ ಬಂತು, ಸಾರೂ ನನ್ನ ಪಾಲಿಗೇ ಉಳಿಯಿತು. ನಮ್ಮ ಪದ್ಧತಿಯಂತೆ ಗಂಗಾಳದಲ್ಲಿ ಒಂದು ಅಗುಳೂ ಬಿಡುವಂತಿಲ್ಲ. ಉಂಡದ್ದು ಪ್ರಸಾದ, ಗಂಗಾಳ ತೊಳೆದ ನೀರನ್ನೂ ಕುಡಿಯಬೇಕು. ಕುಡಿದೆ. ಶಿವ ದೊಡ್ಡವನು, ಅಂದು ಅಂಗಳದ ನೀರಿನ ಹೌದು ತುಂಬಿತ್ತು.

ಇವೆಲ್ಲ ನಗುವ ಮಾತು. ನಗಲಾರದ ಮಾತಿಗೆ ಈಗ ಬರುತ್ತೇನೆ.

ಯುದ್ಧ ಸುರುವಾಗುವ ಸ್ವಲ್ಪ ಮುಂಚೆ ನಮ್ಮವರಿಗೆ ಮುನಸಿಪಾಲಟಿ ಮೆಂಬರಾಗುವ ಹುಚ್ಚು ಹತ್ತಿತು. ಅತ್ತೆಯವರು ಅಷ್ಟರಲ್ಲಿ ತೀರಿಕೊಂಡಿದ್ದರು. ಮನೆಯಲ್ಲಿ ನಾನು, ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಪಾರವ್ವ, ಇಬ್ಬರೇ ದೊಡ್ಡ ಹೆಂಗಸರು. ತಿಂಗಳಿಗೆ ಒಂದಿದ್ದ ಊಟ ವಾರಕ್ಕೆ ಒಂದಾಯಿತು. ನಮ್ಮ ಭಾಗದ ಮಂದಿ ಯಾರ ಮಾತು ಕೇಳುತ್ತಾರೋ ಆ ಹತ್ತಿ ಸಾಹುಕಾರರನ್ನು ಒಲಿಸಿಕೊಂಡರೆ ಮೆಂಬರಕಿ ಬಂದಂತೆಯೇ ಎಂದು ಇವರಿಗೆ ಯಾರೋ ಹೇಳಿದ್ದರು. ಸಾಹುಕಾರರಿಗೆ ನಲವತ್ತರ ಹತ್ತಿರ ವಯಸ್ಸು. ಹೆಂಡತಿ ಹಿಂದಿನ ವರ್ಷ ಹೆರಿಗೆಯಲ್ಲಿ ಹೋಗಿದ್ದಳು.

ನನ್ನ ಮಗಳು ನೀಲಾಗೆ ಆಗ ಹದಿಮೂರು. ಹೆಣ್ಣುಮಕ್ಕಳ ಸಾಲಿಯಲ್ಲಿ ಓದುತ್ತಿದ್ದಳು. ಮಾಸ್ತರಣಿಯವರು ಮನೆಗೇ ಬಂದು, “ಈಕಿನ್ನ ಮುಲ್ಕಿ ಪರೀಕ್ಷಾ ಕಟ್ಟಸ್ರಿ, ಬಿಡಿಸಬ್ಯಾಡ್ರಿ” ಎಂದು ಹೇಳಿ ಹೋಗಿದ್ದರು. ಏಳನೆಯ ಇಯತ್ತೆಯ ಆ ಪರೀಕ್ಷೆ ಪಾಸಾದರೆ ಮಾಸ್ತರಕಿಯ ದಾರಿ ತೆರೆಯುತ್ತಿತ್ತು. ನಾನು ದಿನಾ ಲಿಂಗಪೂಜೆಗೆ ಕುಳಿತಾಗ ಬೇಡಿಕೊಳ್ಳುತ್ತಿದ್ದದ್ದು ಅದೊಂದನ್ನೇ.

ಒಂದು ರವಿವಾರ ಮಧ್ಯಾಹ್ನ ಸಾಹುಕಾರರಿಗೂ ಇನ್ನೂ ಇಪ್ಪತ್ತೈದು ಮಂದಿಗೂ ನಮ್ಮಲ್ಲಿ ಊಟ. ನಮ್ಮ ಮನೆಯ ಗುರುಗಳಾದ ಅಯ್ಯನವರೂ ಪಂಕ್ತಿಯಲ್ಲಿದ್ದರು. ಶಾವಿಗೆ ಮಾಡಿದ್ದೆವು. ಬಿಸಿ ಶಾವಿಗೆಯ ಮೇಲೆ ಹಾಲು, ತುಪ್ಪ, ಸಕ್ಕರೆ ಹಾಕಿಕೊಂಡು ಉಣ್ಣುವುದು ನಿಮಗೆಲ್ಲ ಗೊತ್ತೇ ಇದೆ. “ಇವತ್ತ ನೀಲಾ ಬಡಸಲಿ, ಹುಡುಗಿ ಕಲೀಬೇಕು” ಎಂದು ಮುಂಜಾನೆ ನಮ್ಮವರು ಹೇಳಿದಾಗ ನನಗೆ ಏನೂ ಅನಿಸಲಿಲ್ಲ. ಸೊಂಟ ನೋಯುತ್ತಿತ್ತು, ಒಂದು ಕೈ ಹೆಚ್ಚಾಯಿತಲ್ಲ ಎಂದು ಸಮಾಧಾನಪಟ್ಟೆ. ಆ ಸಮಾಧಾನಕ್ಕೆ ಬೆಂಕಿ ಹಾಕ.

ಊಟ ಅರ್ಧಕ್ಕೆ ಬಂದಾಗ ಹೊರಗಿಂದ ನಮ್ಮವರ ದನಿ. “ಏ, ಬೆಳ್ಳಿ ಬಟ್ಟಲದಾಗ ಸಕ್ಕರಿ ಕಳಸು.”

ಶಾವಿಗೆಗೆ ಸಕ್ಕರೆ ಸಾಲಲಿಲ್ಲ ಅಂದುಕೊಂಡೆ. ಬೆಳ್ಳಿ ಬಟ್ಟಲೇ ಯಾಕೆ ಎಂದು ಕೇಳಬೇಕಾಗಿತ್ತು. ಕೇಳಲಿಲ್ಲ. ದೊಡ್ಡವರು ಬಂದಿದ್ದಾರೆ, ಬೆಳ್ಳಿ ಕೇಳಿದರು, ಅಷ್ಟೇ. ಬಟ್ಟಲು ಒರೆಸಿ, ಸಕ್ಕರೆ ತುಂಬಿ, ನನ್ನ ಕೈಯಾರೆ ನೀಲಾನ ಕೈಗೆ ಕೊಟ್ಟೆ. “ಲಗೂ ಕೊಟ್ಟ ಬಾ, ಚೆಲ್ಲಬ್ಯಾಡ” ಎಂದೆ.

ಪಾರವ್ವ ಕದದ ಸಂದಿಯಲ್ಲಿ ನಿಂತಿದ್ದಳು. ತಿರುಗಿ ನೋಡಿದಳು.

“ಅಕ್ಕಾ, ಸಕ್ಕರಿ ಯಾರೂ ಶಾವಿಗಿಗೆ ಹಾಕ್ಕೊಳ್ಳಲಿಲ್ಲ.”

“ಮತ್ತ?”

“ಒಂದೊಂದ ಚಿಟಿಕಿ ಬಾಯಾಗ ಹಾಕ್ಕೊಳ್ಳಾಕತ್ತಾರ. ಸಾಹುಕಾರರಿಂದ ಸುರು ಮಾಡ್ಯಾರ.”

ನಮ್ಮಲ್ಲಿ ಸಂಬಂಧದ ಮಾತು ಗಟ್ಟಿಯಾದರೆ ಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಹೆಣ್ಣಿನ ಮನೆಯ ಸಕ್ಕರೆ, ಸಾಧ್ಯವಾದರೆ ಹೆಣ್ಣಿನ ಕೈಯಿಂದಲೇ. ನನ್ನ ಮಗಳು ಬಟ್ಟಲು ಹಿಡಿದು ಒಬ್ಬೊಬ್ಬರ ಮುಂದೆ ಬಗ್ಗುತ್ತ ಹೋಗುತ್ತಿದ್ದಳು, ಏನು ಹಂಚುತ್ತಿದ್ದೇನೆ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಹುಡುಗಿ ಹದಿನಾಲ್ಕರ ಒಳಗಿದ್ದರೆ ಮದುವೆ ಮಾಡಬಾರದೆಂದು ಸರಕಾರ ಕಾಯಿದೆ ಮಾಡಿತ್ತು. ಆ ಕಾಯಿದೆ ಬಲ್ಲ ವಕೀಲರು ಅದೇ ಪಂಕ್ತಿಯಲ್ಲಿ ಕುಳಿತು ಚಿಟಿಕೆ ಸಕ್ಕರೆ ನೆಕ್ಕಿದರು.

ಮಂದಿ ಹೋದ ಮೇಲೆ ನಮ್ಮವರು ಅಡುಗೆಮನೆಗೆ ಬಂದರು, ವರ್ಷಕ್ಕೊಮ್ಮೆಯೂ ಅಲ್ಲಿ ಕಾಲಿಡುವವರಲ್ಲ.

“ಯಾರನ್ನ ಕೇಳಿ ಸಕ್ಕರಿ ಹಂಚಿದ್ರಿ?” ಎಂದೆ.

“ಕಳಿಸಿದಾಕಿ ನೀನ. ಮಗಳ ಕೈಯಾಗ ಬಟ್ಟಲಾ ಕೊಟ್ಟಾಕಿನೂ ನೀನ. ಇಪ್ಪತ್ತೈದು ಮಂದಿ ನೋಡ್ಯಾರ.”

“ನಾ ಶಾವಿಗಿಗೆ ಅಂತ ಕಳಿಸಿದೆ.”

“ಹಂಗಂತ ಊರಾಗ ಹೇಳಲೇನು? ನಗತಾರ.” ಅವರೂ ನಕ್ಕರು. “ರಾಣಿ ಹಂಗ ಇರತಾಳ. ಹದಿನಾಲ್ಕು ತುಂಬಿದ ಮ್ಯಾಲೆ ಮದವಿ. ಸರಕಾರದ ಕಾಯಿದೇನೂ ಉಳೀತು.”

“ಆಕಿ ಸಾಲಿ?”

“ಸಾಹುಕಾರರ ಹೆಂಡತಿಗೆ ಸಾಲಿ ಯಾಕ?”

ನಾನು ಬಾಗಿ ಗಂಗಾಳ ಎತ್ತತೊಡಗಿದೆ. ಹದಿನಾರು ವರ್ಷ ಆ ಪಂಕ್ತಿಗೆ ಬಡಿಸಿದವಳು ನಾನು. ನನ್ನ ಕೈಯಿಂದ ಉಂಡ ಇಪ್ಪತ್ತೈದು ಮಂದಿಯಲ್ಲಿ ಒಬ್ಬನೂ ಒಳಗೆ ಒಬ್ಬ ತಾಯಿ ಇದ್ದಾಳೆ, ಅವಳನ್ನು ಕೇಳಿದ್ದೀರೇನು ಎನ್ನಲಿಲ್ಲ. ಒಳ್ಳೆಯವರೂ ಇದ್ದರು ಅವರಲ್ಲಿ. ಒಳ್ಳೆಯವರ ಮೇಲೆಯೇ ನನಗೆ ಸಿಟ್ಟು ಹೆಚ್ಚು.

ಮರುದಿನ ಸೋಮವಾರ. ಅಯ್ಯನವರು ಎಂದಿನಂತೆ ಮನೆಗೆ ಬಂದರು. ಪಾದಕ್ಕೆ ನೀರು ಕೊಟ್ಟು, ನಡೆದದ್ದನ್ನೆಲ್ಲ ಹೇಳಿದೆ. ಅವರು ತಲೆ ತಗ್ಗಿಸಿದರು.

“ತಾಯಿ, ನಾನೂ ಒಂದ ಚಿಟಿಕಿ ಬಾಯಾಗ ಹಾಕ್ಕೊಂಡೇನಿ. ಈಗ ಅದು ಮಾತಲ್ಲ ಅಂತ ಹ್ಯಾಂಗ ಹೇಳಲಿ?”

“ಏನಂತ ಕೇಳದ ತಿಂದ್ರೇನ್ರಿ ಅಯ್ಯಾರ?”

ಗುರುಗಳಿಗೆ ಹೀಗೆ ಎದುರು ಮಾತಾಡಿದ್ದು ಜನ್ಮದಲ್ಲಿ ಅದೇ ಮೊದಲು. ಅವರು ಸಿಟ್ಟಾಗಲಿಲ್ಲ. ಜೋಳಿಗೆ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಇಳಿಯುತ್ತ, “ಗಂಡಸರ ಸಕ್ಕರಿ ಆತು. ಹೆಂಗಸರ ಊಟ ಇನ್ನೂ ಆಗಿಲ್ಲಲ್ಲ” ಎಂದರು. ಬೇಕೆಂದೇ ಅಂದರೋ, ಸುಮ್ಮನೆ ಅಂದರೋ, ನನಗೆ ಇಂದಿಗೂ ತಿಳಿಯದು. ಶಿವ ಅಷ್ಟು ಮಾತನ್ನಾದರೂ ಅವರ ಬಾಯಲ್ಲಿ ಆಡಿಸಿದ.

ಹೆಂಗಸರ ಊಟ ಎಂದರೆ ಇದು. ಸಕ್ಕರೆ ಆದ ಮೇಲೆ ಗಂಡಿನ ತಾಯಿ ಹೆಣ್ಣಿನ ತಾಯಿಯನ್ನು ಬೀಗತಿ ಎಂದು ಕರೆದು, ಓಣಿಯ ಹೆಂಗಸರನ್ನೆಲ್ಲ ಕೂಡಿಸಿ ಉಣ್ಣಿಸುತ್ತಾಳೆ. ಅಂದು ಬೀಗತಿಯದೇ ಮೊದಲ ತುತ್ತು. ಅವಳು ತುತ್ತು ಎತ್ತುವ ತನಕ ಪಂಕ್ತಿಯಲ್ಲಿ ಯಾರೂ ಉಣ್ಣುವಂತಿಲ್ಲ. ಅವಳು ಉಂಡಳೆಂದರೆ ಸಂಬಂಧಕ್ಕೆ ಹೆಂಗಸರ ಒಪ್ಪಿಗೆಯೂ ಬಿದ್ದಂತೆ. ಉಣ್ಣದ ಬೀಗತಿಯನ್ನು ಯಾರೂ ಕಂಡಿರಲಿಲ್ಲ, ಆ ಮಾತು ಬೇರೆ.

ಎಂಟು ದಿನಕ್ಕೆ ಕರೆ ಬಂತು. ನಮ್ಮವರು ಅಂಗಡಿಯಿಂದ ಹೊಸ ಇಳಕಲ್ ಸೀರೆ ತಂದುಕೊಟ್ಟರು. ಉಟ್ಟುಕೊಂಡು ಪಾರವ್ವನ ಜೊತೆ ಹೋದೆ. ಸಾಹುಕಾರರ ತಾಯಿ ಚನ್ನವ್ವನವರು ಗಟ್ಟಿ ಹೆಂಗಸು. ಅವರೇ ಬಾಗಿಲಿಗೆ ಬಂದು ಕರೆದೊಯ್ದು ಪಂಕ್ತಿಯ ಮೊದಲಿಗೆ ಕೂಡಿಸಿದರು. ಜನ್ಮದಲ್ಲಿ ಮೊದಲ ಸಲ ನನಗೆ ಬೇರೆಯವರು ಬಿಸಿಬಿಸಿ ಬಡಿಸಿದರು. ಹೋಳಿಗೆ ಇಟ್ಟರು, ತುಪ್ಪ ಸುರಿದರು. ನಾನು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದೆ. ಪೂಜೆ ಮುಗಿಯಿತು. ಕಣ್ಣು ತೆರೆದು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಕುಳಿತುಬಿಟ್ಟೆ.

ನಲವತ್ತು ಹೆಂಗಸರು ಕಾಯುತ್ತಿದ್ದರು.

“ಬೀಗತೇರ ಪೂಜಾ ಇನ್ನೂ ಮುಗದಿಲ್ಲೇನ?” ಎಂದಳು ಒಬ್ಬಳು.

“ಮುಗದೈತಿ, ನಾಚಿಕಿ ಬಂದಿರಬೇಕು. ಮದವಿ ಈಕಿದೋ, ಮಗಳದೋ!” ಎಂದಳು ಇನ್ನೊಬ್ಬಳು. ಕಿಸಿಕಿಸಿ ನಗೆ.

ಕಡೆಯಲ್ಲಿ ಕುಳಿತಿದ್ದ ಮುದುಕಿ, “ನನಗ ಹಲ್ಲಿಲ್ಲ ಯವ್ವಾ, ಬಿಸಿ ಇದ್ದಾಗ ತಿಂದ್ರ ಒಂದೀಟು ಇಳೀತೈತಿ. ಎತ್ತ ತುತ್ತ” ಎಂದು ಅಂಗಲಾಚಿದಳು. ಆ ಮುದುಕಿಯ ಮಾತಿಗೆ ನನ್ನ ಕೈ ಎದ್ದೇ ಬಿಡುತ್ತಿತ್ತು. ತುಪ್ಪ ಗಟ್ಟಿಯಾಗುತ್ತ ಬಂತು.

ಚನ್ನವ್ವನವರು ಬಂದು ಎದುರಿಗೆ ಕುಳಿತರು. “ಯಾಕವ್ವಾ ಬೀಗತಿ, ಏನರ ಕಡಿಮಿ ಆತೇನು?”

“ಊಟದಾಗ ಏನೂ ಕಡಿಮಿ ಇಲ್ರಿ. ನನ್ನ ಮಗಳಿಗೆ ವಯಸ್ಸು ಕಡಿಮಿ ಐತ್ರಿ.”

ನಗೆ ನಿಂತಿತು. ಎಲ್ಲ ಹೇಳಿದೆ. ಶಾವಿಗೆಗೆಂದು ಕಳಿಸಿದ ಸಕ್ಕರೆ, ಹುಡುಗಿಗೆ ಗೊತ್ತಿಲ್ಲದ ಮಾತು, ಸಾಲಿ, ಪರೀಕ್ಷೆ.

“ಇದನ್ನ ನಿನ್ನ ಗಂಡ ಬಂದು ನನ್ನ ಮಗಗ ಹೇಳಬೇಕಿತ್ತು.”

“ಅವರು ಹೇಳೂದಿಲ್ರಿ. ಅವರಿಗೆ ಮೆಂಬರ್ ಆಗೂದೈತಿ.”

ಯಾರೋ ಸೆರಗು ಬಾಯಿಗೆ ತುರುಕಿಕೊಂಡರು. ಚನ್ನವ್ವನವರ ಮುಖ ಕೆಂಪಾಯಿತು. “ನನ್ನ ಮನ್ಯಾಗ ಹಸಿದ ಎದ್ದ ಹೋದಾಕಿ ಯಾರೂ ಇಲ್ಲ. ಹೋಳಿಗಿ ಮುಂದಿಟಗೊಂಡು ನನ್ನ ಮಾನ ತಗದಿ. ಏಳು.”

ಎದ್ದೆ. ತುಂಬಿದ ಗಂಗಾಳ, ಮುಟ್ಟದ ಪ್ರಸಾದ. ಅದೊಂದು ಪಾಪ ನನ್ನ ಹೆಸರಿಗಿದೆ, ಶಿವನಿಗೆ ಗೊತ್ತು. ಪಾರವ್ವನೂ ಎದ್ದಳು. ಓಣಿ ದಾಟಿದ ಮೇಲೆ ಅಂದಳು, “ಅಕ್ಕಾ, ಛಲೋ ಮಾಡಿದ್ರಿ. ಆದ್ರ ಹೋಳಿಗಿ ನೋಡಿದ್ರೇನು? ಕಾಗದದಂಗ ತೆಳ್ಳಗ ಇದ್ದೂವು.” ಇಬ್ಬರೂ ನಡುಬೀದಿಯಲ್ಲಿ ನಿಂತು ನಕ್ಕೆವು, ಅತ್ತೆವು.

ಸಂಬಂಧ ಮುರಿಯಿತು. ನಮ್ಮವರು ಮೆಂಬರಾಗಲಿಲ್ಲ. ನನ್ನ ಕೈಯ ಅನ್ನ ಉಣ್ಣುವುದನ್ನು ಬಿಟ್ಟು ವರ್ಷಗಟ್ಟಲೆ ಪಾರವ್ವ ಮಾಡಿದ್ದನ್ನೇ ಉಂಡರು. ಅವರು ಅದನ್ನು ಶಿಕ್ಷೆಯೆಂದು ತಿಳಿದಿದ್ದರು. ನನಗೆ ಒಂದು ಗಂಗಾಳ ಕಡಿಮೆಯಾಯಿತು. ಅದೂ ಒಂದು ಕೃಪೆಯೇ. ನೀಲಾ ಮುಲ್ಕಿ ಪರೀಕ್ಷೆ ಕಟ್ಟಿ ಪಾಸಾದಳು, ಧಾರವಾಡದಲ್ಲಿ ಕಲಿತು ಮಾಸ್ತರಣಿಯಾದಳು. ಯುದ್ಧ ಬಂದು ಸಕ್ಕರೆ, ಗೋಧಿ ಚೀಟಿಯ ಮೇಲೆ ಸಿಗುವಂತಾದಾಗ ಊರಿನ ದೊಡ್ಡ ಊಟಗಳೂ ನಿಂತವು. ಗಂಡಸರು ಚಹಾದ ಮೇಲೆ ಮಾತು ಮುಗಿಸಲು ಕಲಿತರು. ನಾನು ಮಾತ್ರ ರೇಶನ್ನಿನ ಸಾಲಿನಲ್ಲಿ ನಿಂತೂ ಶಿವನಿಗೆ ಕೈ ಮುಗಿದೆ.

ಕತೆ ಇಲ್ಲಿಗೆ ನಿಲ್ಲಿಸಿದರೆ ನಾನು ದೊಡ್ಡವಳಾಗಿ ಕಾಣುತ್ತೇನೆ. ಸುಮಾನಂಥವರು ಮೆಚ್ಚಿಕೊಳ್ಳುತ್ತಾರೆ. ಆದರೆ ಸಂಬಂಧ ಮುರಿದು ಎರಡೇ ತಿಂಗಳಿಗೆ ನಡೆದ ಮಾತೊಂದು ಉಳಿದಿದೆ.

ಸಾಹುಕಾರರಿಗೆ ನವಲಗುಂದದ ಕಡೆಯ ಒಂದು ಹಳ್ಳಿಯಲ್ಲಿ ಹುಡುಗಿ ಗೊತ್ತಾಯಿತು. ಕಮಲಾ ಎಂದು ಹೆಸರು. ನಮ್ಮ ನೀಲಾನ ಓರಗೆಯವಳು. ಮತ್ತೆ ಸಕ್ಕರೆ ಆಯಿತು, ಮತ್ತೆ ಬೀಗತಿಯ ಊಟ. ಚನ್ನವ್ವನವರು ಹಿಂದಿನ ಸಲ ಬಂದ ಹೆಂಗಸರನ್ನೇ ಒಬ್ಬರನ್ನೂ ಬಿಡದೆ ಕರೆದರು. ನನಗೂ ಕರೆ ಬಂತು. ಹೋಗದಿದ್ದರೆ ಊರಿನಲ್ಲಿ ವೈರ ಉಳಿಯುತ್ತದೆ ಎಂದು ನಮ್ಮವರು ಪಾರವ್ವನ ಬಾಯಿಂದ ಹೇಳಿಸಿದರು. “ಈ ಸಲ ಉಂಡ ಬರಬೇಕಂತ. ಇಲ್ಲಂದ್ರ ನೀಲಾನ ಸಾಲಿ ಬಿಡಸ್ತಾರಂತ.”

ಹೋದೆ. ಅದೇ ಪಡಸಾಲೆ. ಬೀಗತಿಯ ಜಾಗದಲ್ಲಿ ಈ ಸಲ ಕಮಲಾನ ತಾಯಿ, ನನಗೆ ನೇರ ಎದುರಿಗೆ. ಬಡಕಲು ಹೆಂಗಸು, ಮೈಮೇಲೆ ಗಂಜಿ ಹೋಗದ ಹೊಸ ಸೀರೆ. ಹೋಳಿಗೆ ಬಡಿಸಿದರು. ಆಕೆ ಲಿಂಗ ಹಿಡಿದು ಕಣ್ಣು ಮುಚ್ಚಿದಳು. ಎಲ್ಲರ ಪೂಜೆ ಮುಗಿದರೂ ಆಕೆ ಕಣ್ಣು ತೆರೆಯಲಿಲ್ಲ. ತೆರೆದ ಮೇಲೂ ಕೈ ಗಂಗಾಳದ ಕಡೆ ಹೋಗಲಿಲ್ಲ. ಮಡಿಲಲ್ಲೇ ಇತ್ತು.

ಚನ್ನವ್ವನವರು ತುಪ್ಪದ ಗಿಂಡಿ ಹಿಡಿದು ನಿಂತಲ್ಲೇ ನಿಂತರು. ಆ ಹೆಂಗಸು ತಲೆಯೆತ್ತಿ ನನ್ನನ್ನು ನೋಡಿದಳು. ನನ್ನ ಸುದ್ದಿ ಆಕೆಯ ಹಳ್ಳಿಯ ತನಕವೂ ಹೋಗಿರಬೇಕು. ಆಕೆ ಬಾಯಿ ತೆರೆಯಲಿಲ್ಲ, ಕಣ್ಣಿನಲ್ಲಿ ಬೇಡಿದ್ದು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನೊಬ್ಬಳು, “ಆಕಿ ಒಲ್ಲೆ ಅಂತಾಳ, ಕೇಳ್ರಿ” ಎಂದಿದ್ದರೆ ಸಾಕಿತ್ತು. ಇಬ್ಬರಾಗುತ್ತಿದ್ದೆವು. ಎರಡು ತಿಂಗಳ ಹಿಂದೆ ನಕ್ಕವರಲ್ಲೂ ಒಬ್ಬಿಬ್ಬರು ನಮ್ಮ ಕಡೆ ಆಗುತ್ತಿದ್ದರೋ ಏನೋ.

ನನ್ನ ತಲೆಯಲ್ಲಿ ನೀಲಾನ ಸಾಲಿಯ ಪಾಟಿಚೀಲ ಮಾತ್ರ ಇತ್ತು. ಸುತ್ತಲಿನ ನಲವತ್ತು ಮಂದಿ ನನ್ನ ಬಾಯನ್ನೇ ನೋಡುತ್ತಿದ್ದರು.

“ಉಣ್ಣವ್ವಾ, ಆರತೈತಿ” ಎಂದೆ.

ಆಕೆ ಉಂಡಳು.